ಇಮ್ಮಡಿ ಪುಲಿಕೇಶಿಯ ಚಿತ್ರ ಬಂದರೆ ಅದು ಎಲ್ಲಿ ಮುಗಿಯಬೇಕು?

ಪ್ರಶ್ನೆ: ದಾವಣಗೆರೆಯ ಪ್ರೇಕ್ಷಕ

ಎಲ್ಲರಿಗೂ ನಮಸ್ಕಾರ. ಎರಡು ವಾರಗಳ ಹಿಂದೆ ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಹುಟ್ಟಿಕೊಂಡ ವಾದವೊಂದು ಇನ್ನೂ ಬಗೆಹರಿಯದೆ ಉಳಿದಿರುವುದರಿಂದ ಅದನ್ನು ಇಲ್ಲಿಗೆ ತಂದಿದ್ದೇನೆ. ನನ್ನ ಅಕ್ಕನ ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ಐತಿಹಾಸಿಕ ಚಿತ್ರ ಯಾವ ಭಾಷೆಯಲ್ಲಿ ಬಂದರೂ ಮೊದಲ ವಾರದಲ್ಲೇ ನೋಡುತ್ತಾನೆ. ನೋಡಿ ಬಂದವನು ಪ್ರತಿ ಸಲವೂ ‘ನಮ್ಮ ಪುಲಿಕೇಶಿಯ ಮೇಲೆ ಇಂಥದ್ದೊಂದು ಯಾಕಿಲ್ಲ’ ಎಂದು ಕೊರಗುತ್ತಾನೆ. ಆ ಕೊರಗು ನನ್ನದೂ ಹೌದು. ತಮಿಳಿನವರು 2022 ಮತ್ತು 2023ರಲ್ಲಿ ಎರಡು ಭಾಗಗಳಲ್ಲಿ ‘ಪೊನ್ನಿಯಿನ್ ಸೆಲ್ವನ್’ ಮಾಡಿಕೊಂಡರು. ಸಂಭಾಜಿಯ ಕಥೆ 2025ರ ಫೆಬ್ರುವರಿಯಲ್ಲಿ ‘ಛಾವಾ’ ಎಂಬ ಹಿಂದಿ ಚಿತ್ರವಾಗಿ ದೇಶದ ತುಂಬ ಓಡಿತು. ನಮ್ಮಲ್ಲೇ ಅದೇ ವರ್ಷದ ಅಕ್ಟೋಬರ್‌ನಲ್ಲಿ ‘ಕಾಂತಾರ ಚಾಪ್ಟರ್ 1’ ಕದಂಬರ ಕಾಲಕ್ಕೆ ಹೋಗಿ ಬಂತು. ನರ್ಮದೆಯ ದಡದಲ್ಲಿ ಹರ್ಷವರ್ಧನನನ್ನು ತಡೆದು ನಿಲ್ಲಿಸಿದ ದೊರೆಗೆ ಮಾತ್ರ 1967ರಲ್ಲಿ ರಾಜ್‌ಕುಮಾರ್ ಅವರು ಮಾಡಿದ ಕಪ್ಪುಬಿಳುಪಿನ ಚಿತ್ರವೇ ಇಂದಿಗೂ ಗತಿ.

ಆ ಚಿತ್ರವನ್ನು ನಾನು ಚಿಕ್ಕವನಿದ್ದಾಗ ಪಕ್ಕದ ಮನೆಯ ಹಜಾರದಲ್ಲಿ, ಇಪ್ಪತ್ತು ಮೂವತ್ತು ಜನರ ನಡುವೆ ಮೊಣಕಾಲು ಮಡಚಿ ಕುಳಿತು ದೂರದರ್ಶನದಲ್ಲಿ ನೋಡಿದವನು. ಯುದ್ಧದಲ್ಲಿ ಎಷ್ಟು ಕುದುರೆಗಳಿದ್ದವು ಎಂದು ಅಂದು ಯಾರೂ ಎಣಿಸಲಿಲ್ಲ. ಇಂದಿನ ಮಕ್ಕಳು ಎಣಿಸುತ್ತಾರೆ, ಟೀಸರ್ ಬಂದ ಅರ್ಧ ಗಂಟೆಯಲ್ಲಿ ಗ್ರಾಫಿಕ್ಸ್‌ನ ಆನೆ ಯಾವುದು, ನಿಜವಾದ ಆನೆ ಯಾವುದು ಎಂದು ಗುರುತು ಹಾಕಿ ತೋರಿಸುತ್ತಾರೆ. ಅದರ ಬಗ್ಗೆ ನನಗೆ ತಕರಾರಿಲ್ಲ, ದುಡ್ಡು ಕೊಟ್ಟವರು ಕೇಳಲಿ.

ನನ್ನ ತಕರಾರು ಬೇರೆ. ಅಳಿಯನ ಪ್ರಕಾರ ಚಿತ್ರ ನರ್ಮದೆಯಲ್ಲಿ ಮುಗಿಯಬೇಕು. ಹರ್ಷನ ಸೈನ್ಯ ಹಿಂದೆ ಸರಿಯುತ್ತದೆ, ಚಾಲುಕ್ಯರ ವರಾಹಧ್ವಜ ಏರುತ್ತದೆ, ತೆರೆ ಕಪ್ಪಾಗುತ್ತದೆ. ‘ಕಥೆ ಅಲ್ಲಿಗೆ ಮುಗಿಯುವುದಿಲ್ಲವಲ್ಲೋ, 642ರಲ್ಲಿ ಪಲ್ಲವರ ನರಸಿಂಹವರ್ಮ ರಾಜಧಾನಿ ವಾತಾಪಿಯನ್ನೇ, ಎಂದರೆ ಇಂದಿನ ಬಾದಾಮಿಯನ್ನೇ ಹಿಡಿದನಲ್ಲ, ಅದನ್ನು ಬಿಟ್ಟರೆ ಅದು ಪುಲಿಕೇಶಿಯ ಕಥೆ ಹೇಗಾಗುತ್ತದೆ’ ಎಂದು ನಾನು ಕೇಳಿದೆ. ಅವನು ಅನ್ನ ಕಲೆಸುವುದನ್ನು ನಿಲ್ಲಿಸಿ, ‘ಮಾವ, ಸೋಲುವ ಪುಲಿಕೇಶಿಯನ್ನು ನೋಡಲು ಯಾರು ಟಿಕೆಟ್ ತೆಗೆದುಕೊಂಡು ಬರುತ್ತಾರೆ?’ ಎಂದ. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ.

ನಿಮ್ಮ ಕೈಯಲ್ಲಿ ಆ ದೊಡ್ಡ ಬಜೆಟ್ ಇದ್ದರೆ ಚಿತ್ರವನ್ನು ಎಲ್ಲಿ ನಿಲ್ಲಿಸುತ್ತಿದ್ದಿರಿ? ಅಭಿಮಾನಿಯಾಗಿ ನೀವು ಇಂಥ ಚಿತ್ರದಿಂದ ನಿಜವಾಗಿ ಬಯಸುವುದೇನು?

ಉತ್ತರ 1: ಮೊದಲ ದಿನ ಮೊದಲ ಆಟ

ನಾನು ನಿಮ್ಮ ಅಳಿಯನ ಪಕ್ಷ, ಸರ್. ಮುಚ್ಚುಮರೆಯಿಲ್ಲದೆ ಹೇಳುತ್ತೇನೆ, ಬೈದರೂ ಪರವಾಗಿಲ್ಲ.

ಬೆಳಗಿನ ಆಟಕ್ಕೆ ನಸುಕಿನಲ್ಲೇ ಬಂದು, ಕಟೌಟ್‌ಗೆ ಹಾರ ಹಾಕಿ, ಜೇಬಿನ ತುಂಬ ಬಣ್ಣದ ಕಾಗದದ ಚೂರುಗಳನ್ನು ತುಂಬಿಕೊಂಡು ಒಳಗೆ ಕೂತವನಿಗೆ ಬೇಕಾಗಿರುವುದು ಪಾಠವಲ್ಲ. ನಾಯಕನ ಎಂಟ್ರಿಯಲ್ಲಿ ಮೈ ಜುಮ್ಮೆನ್ನಬೇಕು, ಇಂಟರ್‌ವಲ್‌ಗೆ ಮುಂಚೆ ಒಂದು ದೊಡ್ಡ ಯುದ್ಧ ಬೇಕು, ಕೊನೆಯಲ್ಲಿ ಎದೆಯುಬ್ಬಿಸಿ ಹೊರಬರುವಂತಿರಬೇಕು. ಕನ್ನಡಿಗನಿಗೆ ಇದು ಹೆಚ್ಚು ಬೇಕು ಎಂದೇ ನನ್ನ ಅನಿಸಿಕೆ. ಯಾಕೆಂದರೆ ಉಳಿದವರ ರಾಜರನ್ನು ಅವರವರ ಭಾಷೆಯಲ್ಲಿ, ಡಬ್ ಆದ ಕನ್ನಡದಲ್ಲಿ ನೋಡಿ ನೋಡಿ ನಮಗೆ ಸಾಕಾಗಿದೆ. ‘ಪೊನ್ನಿಯಿನ್ ಸೆಲ್ವನ್’ ಮೊದಲ ಭಾಗದ ಆರಂಭದಲ್ಲಿ ಚೋಳ ರಾಜಕುಮಾರ ಯಾರ ಮೇಲೆ ಗೆಲ್ಲುತ್ತಾನೆ? ನಮ್ಮ ರಾಷ್ಟ್ರಕೂಟರ ಮೇಲೆ. ಅದನ್ನು ನಾನು ಬೆಂಗಳೂರಿನ ಚಿತ್ರಮಂದಿರದಲ್ಲಿ ಕನ್ನಡ ಮಾತಿನಲ್ಲೇ ಕೂತು ನೋಡಿದೆ. 949ರಲ್ಲಿ ತಕ್ಕೋಲದಲ್ಲಿ ಅದೇ ರಾಷ್ಟ್ರಕೂಟರು, ಗಂಗರ ಬೂತುಗನ ಜೊತೆಗೂಡಿ, ಚೋಳ ರಾಜಾದಿತ್ಯನನ್ನು ಆನೆಯ ಮೇಲೆಯೇ ಕೊಂದದ್ದನ್ನು ತೋರಿಸುವ ಚಿತ್ರ ನನಗೆ ಇನ್ನೂ ಸಿಕ್ಕಿಲ್ಲ.

ಸೋಲನ್ನು ನಾವು ಒಪ್ಪುವುದೇ ಇಲ್ಲ ಎಂದು ಮಾತ್ರ ತಿಳಿಯಬೇಡಿ. ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ 2012ರಲ್ಲಿ ಬಂದಾಗ ನಂದಗಡದ ನೇಣಿನ ಭಾಗ ಬರುವಷ್ಟರಲ್ಲಿ ನನ್ನ ಪಕ್ಕದಲ್ಲಿ ಕೂತಿದ್ದ ಕಟ್ಟುಮಸ್ತಾದ ಆಳು ಟವೆಲ್‌ನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದ. ‘ಛಾವಾ’ ಕೂಡ ಸಂಭಾಜಿಯ ಸಾವಿನಲ್ಲಿಯೇ ಮುಗಿಯುತ್ತದೆ. ಆದರೆ ಅವು ಬಲಿದಾನ. ಬ್ರಿಟಿಷರ ಕೈಯಲ್ಲಿ, ಔರಂಗಜೇಬನ ಕೈಯಲ್ಲಿ ಸತ್ತವನು ನಮ್ಮ ಕಣ್ಣಿಗೆ ಸೋತವನಲ್ಲ. ಪಕ್ಕದ ರಾಜ್ಯದ ರಾಜ ಬಂದು ರಾಜಧಾನಿಯನ್ನೇ ಹಿಡಿದ ಎಂದು ತೋರಿಸಿದರೆ ಅದು ಬಲಿದಾನವೂ ಅಲ್ಲ, ಗೆಲುವೂ ಅಲ್ಲ. ಚಿತ್ರ ಬಿಡುಗಡೆಯಾದ ಸಂಜೆಯೇ ಎರಡೂ ಕಡೆಯವರು ಕಾವೇರಿಯನ್ನು ಎಳೆದುತಂದು ಜಗಳ ಶುರು ಮಾಡುತ್ತಾರೆ.

642 ಬೇಕೇ ಬೇಕು ಎಂದಾದರೆ ಎರಡನೆಯ ಭಾಗಕ್ಕೆ ಇಟ್ಟುಕೊಳ್ಳಲಿ. ಮೊದಲ ಭಾಗ ನರ್ಮದೆಯಲ್ಲೇ ಮುಗಿಯಲಿ.

ಉತ್ತರ 2: ಲೆಕ್ಕದವನು

ಒಂದೇ ಮಾತು ಸೇರಿಸುತ್ತೇನೆ. ಐದು ಭಾಷೆಗಳಲ್ಲಿ ಬಿಡುಗಡೆಯಾಗಬೇಕಾದ ಚಿತ್ರಕ್ಕೆ ಖಳನಾಯಕ ಯಾರು ಎಂಬುದು ಮೊದಲು ಬಗೆಹರಿಯಬೇಕಾದ ಲೆಕ್ಕ. ಹರ್ಷವರ್ಧನನನ್ನು ಖಳನನ್ನಾಗಿಸಿದರೆ ಹಿಂದಿ ವಿತರಕ ಮುಖ ಕಿವುಚುತ್ತಾನೆ, ಯಾಕೆಂದರೆ ಆ ಭಾಗದ ಪಠ್ಯಪುಸ್ತಕಗಳಲ್ಲಿ ಹರ್ಷ ದಾನಶೂರ ಚಕ್ರವರ್ತಿ. ನರಸಿಂಹವರ್ಮನನ್ನು ಖಳನನ್ನಾಗಿಸಿದರೆ ತಮಿಳು ವಿತರಕನ ಗತಿಯೂ ಅದೇ. ಅಲ್ಲಿಯ ಓದುಗರಿಗೆ ವಾತಾಪಿಯ ಮುತ್ತಿಗೆ 1940ರ ದಶಕದಿಂದಲೇ ಕಲ್ಕಿಯವರ ‘ಶಿವಗಾಮಿಯಿನ್ ಶಪಥಂ’ ಮೂಲಕ ಮನೆಮಾತಾಗಿದೆ, ಆ ಕಾದಂಬರಿಯಲ್ಲಿ ಶತ್ರುವಿನ ಜಾಗದಲ್ಲಿ ನಿಂತಿರುವವನು ನಮ್ಮ ಪುಲಿಕೇಶಿ. ಕೊನೆಗೆ ಎಲ್ಲರೂ ಒಪ್ಪುವ ದಾರಿ ಒಂದೇ ಉಳಿಯುತ್ತದೆ: ಇತಿಹಾಸದಲ್ಲಿ ಇಲ್ಲದ, ಕಣ್ಣಿಗೆ ಕಾಡಿಗೆ ಬಳಿದ, ಯಾವ ಊರಿನವನೂ ಅಲ್ಲದ ಒಬ್ಬ ದುಷ್ಟನನ್ನು ಹುಟ್ಟಿಸುವುದು. ‘ಬಾಹುಬಲಿ’ಗೆ ಈ ತಾಪತ್ರಯ ಇರಲಿಲ್ಲ. ಮಾಹಿಷ್ಮತಿಯ ಆ ಅರಸುಮನೆಯೇ ಕಲ್ಪನೆಯದಾದ್ದರಿಂದ ಯಾರ ವಂಶಸ್ಥರೂ ದೂರು ಕೊಡಲು ಬರಲಿಲ್ಲ.

ಉತ್ತರ 3: ಶಾಸನಗಳ ಹವ್ಯಾಸಿ

ಪ್ರಶ್ನೆ ಓದಿ ಸಂತೋಷವಾಯಿತು, ಯಾಕೆಂದರೆ ಈ ಜಗಳ ನಿಮ್ಮ ಊಟದ ಮನೆಯಲ್ಲಿ ಹುಟ್ಟಿದ್ದಲ್ಲ, ಸುಮಾರು ಸಾವಿರದ ನಾನ್ನೂರು ವರ್ಷಗಳಷ್ಟು ಹಳೆಯದು.

ಐಹೊಳೆಯ ಮೇಗುತಿ ಬಸದಿಯ ಗೋಡೆಯಲ್ಲಿರುವ ರವಿಕೀರ್ತಿಯ ಶಾಸನವನ್ನು ನೆನೆಯಿರಿ. ಅದರ ಕಾಲ ಶಕವರ್ಷ 556, ಎಂದರೆ ಕ್ರಿ.ಶ. 634. ಅದರಲ್ಲಿ ಪುಲಿಕೇಶಿ ಬನವಾಸಿಯನ್ನು ಗೆಲ್ಲುತ್ತಾನೆ, ಗಂಗರು ಆಳುಪರು ತಲೆಬಾಗುತ್ತಾರೆ, ಪಶ್ಚಿಮ ಕಡಲಿನ ಪುರಿಯ ಮೇಲೆ ನೌಕಾಪಡೆ ಹೋಗುತ್ತದೆ, ಪಲ್ಲವರ ಒಡೆಯ ಕಂಚಿಯ ಕೋಟೆಯೊಳಗೆ ಮರೆಯಾಗುತ್ತಾನೆ. ಹರ್ಷನ ಪ್ರಸಂಗದಲ್ಲಂತೂ ಕವಿ ಶ್ಲೇಷೆಯನ್ನೇ ಮಾಡುತ್ತಾನೆ: ಯುದ್ಧದಲ್ಲಿ ಆನೆಗಳ ಸಾಲು ಬಿದ್ದದ್ದನ್ನು ಕಂಡು ಹರ್ಷನ ಹರ್ಷ ಭಯದಿಂದ ಕರಗಿಹೋಯಿತಂತೆ. ಇಂದಿನ ಸಂಭಾಷಣೆಕಾರ ಬರೆದರೆ ಶಿಳ್ಳೆ ಬೀಳುವಂಥ ಸಾಲು. ಕವಿ ಅಷ್ಟಕ್ಕೇ ಸುಮ್ಮನಾಗದೆ ತನ್ನ ಕೀರ್ತಿ ಕಾಳಿದಾಸ ಭಾರವಿಯರ ಕೀರ್ತಿಗೆ ಸಮ ಎಂದೂ ಹೇಳಿಕೊಳ್ಳುತ್ತಾನೆ. ನನ್ನ ದೃಷ್ಟಿಯಲ್ಲಿ ಪುಲಿಕೇಶಿಯ ಮೊದಲ ಅಭಿಮಾನಿ ಇವನೇ. ಕಥೆಯನ್ನು ನಿಮ್ಮ ಅಳಿಯ ಬಯಸಿದಂತೆಯೇ ಗೆಲುವಿನ ತುದಿಯಲ್ಲಿ ನಿಲ್ಲಿಸಿದವನು. ಅವನ ತಪ್ಪೇನಿಲ್ಲ, ಅವನು ಬರೆದಾಗ 642 ಇನ್ನೂ ಎಂಟು ವರ್ಷ ದೂರದಲ್ಲಿತ್ತು.

ಆಚೆ ದಡದಲ್ಲೂ ಅಭಿಮಾನಿಗಳಿದ್ದರು. ಪಲ್ಲವ ಪರಮೇಶ್ವರವರ್ಮನ ಕೂರಂ ತಾಮ್ರಪಟಗಳಲ್ಲಿ ನರಸಿಂಹವರ್ಮನ ಹೊಗಳಿಕೆ ಹೇಗಿದೆ ನೋಡಿ: ಪರಿಯಳ, ಮಣಿಮಂಗಲ, ಶೂರಮಾರ ಮೊದಲಾದ ಕದನಗಳಲ್ಲಿ ಓಡುತ್ತಿದ್ದ ಪುಲಿಕೇಶಿಯ ಬೆನ್ನನ್ನೇ ತಾಮ್ರಪಟವಾಗಿಸಿಕೊಂಡು ಅದರ ಮೇಲೆ ‘ವಿಜಯ’ ಎಂಬ ಅಕ್ಷರಗಳನ್ನು ಬರೆದನಂತೆ. ಕಟುವಾದ ಮಾತು, ಆದರೆ ಎಂಥ ದೃಶ್ಯ! ಮಣಿಮಂಗಲ ಕಂಚಿಯ ಸೀಮೆಯಲ್ಲೇ ಇದೆ. ಎಂದರೆ ನಮ್ಮ ದೊರೆ ಎರಡನೆಯ ಸಲವೂ ಅಷ್ಟು ದೂರ ನುಗ್ಗಿದ್ದ, ಅಲ್ಲಿಂದ ಹಿಮ್ಮೆಟ್ಟಬೇಕಾಯಿತು, ಬೆನ್ನಟ್ಟಿಕೊಂಡು ಬಂದ ಸೈನ್ಯ ಬಾದಾಮಿಯನ್ನು ತಲುಪಿತು. ನರಸಿಂಹವರ್ಮ ‘ವಾತಾಪಿಕೊಂಡ’ ಎನಿಸಿಕೊಂಡ, ಬಾದಾಮಿಯ ಬಂಡೆಯ ಮೇಲೆ ತನ್ನ ಶಾಸನವನ್ನೂ ಕೊರೆಸಿದ. ಪುಲಿಕೇಶಿ ಆ ಕಾಳಗದಲ್ಲೇ ಮಡಿದ ಎಂಬುದು ವಿದ್ವಾಂಸರ ಸಾಮಾನ್ಯ ಊಹೆ, ಅವನ ಕೊನೆಯ ಗಳಿಗೆಯನ್ನು ಹೇಳುವ ಚಾಲುಕ್ಯ ಶಾಸನ ಇಲ್ಲ. ಚಿತ್ರಕಥೆ ಬರೆಯುವವನಿಗೆ ಆ ಮೌನದಷ್ಟು ದೊಡ್ಡ ಅನುಕೂಲ ಬೇರೊಂದಿಲ್ಲ.

ಅಭಿಮಾನಿಗಳು ಮರೆಯುವ ಮತ್ತೊಂದು ತುದಿ ಕಥೆಯ ಆರಂಭ. ಪುಲಿಕೇಶಿ ಸಿಂಹಾಸನಕ್ಕೆ ಬಂದದ್ದು ಚಿಕ್ಕಪ್ಪ ಮಂಗಲೇಶನೊಡನೆ ಅಂತರ್ಯುದ್ಧ ಮಾಡಿ. ಆ ಮಂಗಲೇಶನಾದರೂ ಎಂಥವನು? ಬಾದಾಮಿಯ ಮೂರನೆಯ ಗುಹೆಯ 578ರ ಶಾಸನದಲ್ಲಿ, ತಾನು ಕೊರೆಸಿದ ವಿಷ್ಣುವಿನ ಮಹಾಗೃಹದ ಪುಣ್ಯವನ್ನು ಅಣ್ಣ ಕೀರ್ತಿವರ್ಮನಿಗೆ ಸಲ್ಲಿಸಿದವನು. ಅಣ್ಣನ ಮೇಲೆ ಅಷ್ಟು ಪ್ರೀತಿಯಿದ್ದ ಮನುಷ್ಯ ಅಣ್ಣನ ಮಗನಿಗೆ ರಾಜ್ಯ ಬಿಟ್ಟುಕೊಡದೆ ತನ್ನ ಮಗನಿಗೆ ಉಳಿಸಲು ಹೋಗಿ ಪ್ರಾಣ ಕಳೆದುಕೊಂಡ. ನನ್ನನ್ನು ಕೇಳಿದರೆ ದೊಡ್ಡ ಬಜೆಟ್‌ನ ಅರ್ಧ ಕಥೆ ಇಲ್ಲೇ ಇದೆ, ಇದಕ್ಕೆ ಒಂದು ಗುಹೆ ಮತ್ತು ಇಬ್ಬರು ಒಳ್ಳೆಯ ನಟರು ಸಾಕು. ಚಿಕ್ಕಪ್ಪನನ್ನು ಕೊಂದ ಕೈ ಎಂಬುದನ್ನು ಮೊದಲು ತೋರಿಸಿದರೆ ಮಾತ್ರ ನರ್ಮದೆಯ ಗೆಲುವಿಗೆ ತೂಕ ಬರುತ್ತದೆ. ಆ ಯುದ್ಧದ ವರ್ಷದ ಬಗ್ಗೆಯೇ ವಿದ್ವಾಂಸರಲ್ಲಿ ಒಮ್ಮತವಿಲ್ಲ, ಅದೂ ಕಥೆಗಾರನಿಗೆ ಸಲಿಗೆಯೇ.

ನಡುವೆ ಒಬ್ಬ ಸಾಕ್ಷಿಯೂ ಇದ್ದಾನೆ. ಸುಮಾರು 641ರಲ್ಲಿ ಚೀನದ ಯಾತ್ರಿಕ ಹ್ಯೂಯೆನ್‌ತ್ಸಾಂಗ್ ಈ ನಾಡಿಗೆ ಬಂದಿದ್ದ, ಎಂದರೆ ಪತನಕ್ಕೆ ತೀರ ಹತ್ತಿರದಲ್ಲಿ. ಇಲ್ಲಿಯ ಯೋಧರು ಕಾಳಗಕ್ಕೆ ಮುನ್ನ ತಾವೂ ಕುಡಿದು ಆನೆಗಳಿಗೂ ಕುಡಿಸುತ್ತಾರೆ, ಸೋತು ಬಂದ ಸೇನಾಪತಿಗೆ ದಂಡನೆಯಿಲ್ಲ, ಹೆಂಗಸರ ಉಡುಗೆ ಕೊಡುತ್ತಾರೆ, ಆ ಅವಮಾನಕ್ಕೆ ಎಷ್ಟೋ ಮಂದಿ ಪ್ರಾಣ ಕಳೆದುಕೊಳ್ಳುತ್ತಾರೆ ಎಂದು ಬರೆದಿಟ್ಟಿದ್ದಾನೆ. ಈಗ ಯೋಚಿಸಿ: ಸೋತವನಿಗೆ ಸೀರೆ ಕಳಿಸುವ ಆಸ್ಥಾನದ ದೊರೆಯೇ ಕಂಚಿಯಿಂದ ಹಿಂದಿರುಗಿ ಬರುತ್ತಿದ್ದಾನೆ. ಬೇರೆ ದುರಂತ ಏಕೆ ಬೇಕು?

ಎಲ್ಲಿ ಮುಗಿಸಬೇಕು ಎಂಬುದಕ್ಕೆ ನನ್ನ ಉತ್ತರ ನರ್ಮದೆಯೂ ಅಲ್ಲ, ವಾತಾಪಿಯೂ ಅಲ್ಲ. ಮಗ ಒಂದನೆಯ ವಿಕ್ರಮಾದಿತ್ಯ ಹನ್ನೆರಡು ಹದಿಮೂರು ವರ್ಷಗಳ ಬಳಿಕ ರಾಜಧಾನಿಯನ್ನು ಮರಳಿ ಪಡೆದ. ಅವನ ಮರಿಮಗ ಇಮ್ಮಡಿ ವಿಕ್ರಮಾದಿತ್ಯ (ಆಳ್ವಿಕೆ 733ರಿಂದ 744) ಕಂಚಿಯನ್ನು ಗೆದ್ದು ಊರೊಳಗೆ ಹೋದ. ಸುಡಲಿಲ್ಲ. ರಾಜಸಿಂಹೇಶ್ವರ, ಎಂದರೆ ಇಂದಿನ ಕೈಲಾಸನಾಥ ದೇವಾಲಯದ ಸಂಪತ್ತನ್ನು ಕಣ್ಣಾರೆ ನೋಡಿ ಅದನ್ನು ದೇವರಿಗೇ ಬಿಟ್ಟುಕೊಟ್ಟ. ಹಾಗೆಂದು ಅಲ್ಲಿನ ಕಂಬದ ಮೇಲೆ ಕನ್ನಡದಲ್ಲಿ ಬರೆಸಿದ. ಶತ್ರುವಿನ ರಾಜಧಾನಿಯಲ್ಲಿ, ಶತ್ರುವಿನ ದೇವಾಲಯದೊಳಗೆ, ನಮ್ಮ ಭಾಷೆಯ ಆ ಅಕ್ಷರಗಳು ಇಂದಿಗೂ ಇವೆ. ಚಿತ್ರದ ಕೊನೆಯ ಚೌಕಟ್ಟು ಆ ಕಂಬವಾಗಲಿ. ಇದಕ್ಕೆ ಗ್ರಾಫಿಕ್ಸ್ ಬೇಡ, ಕಂಚಿಗೆ ಹೋಗಿ ಅನುಮತಿ ಪಡೆದು ಕ್ಯಾಮೆರಾ ಇಟ್ಟರೆ ಆಯಿತು. ಪಲ್ಲವರು ಬಾದಾಮಿಯಿಂದ ಕೊಂಡೊಯ್ದರು ಎನ್ನಲಾಗುವ ‘ವಾತಾಪಿ ಗಣಪತಿ’ ವಿಗ್ರಹದ ಕಥೆಯನ್ನು ಯಾರಾದರೂ ಈಗ ಎತ್ತುತ್ತಾರೆಂದು ಗೊತ್ತು. ಅದು ಐತಿಹ್ಯ, ಚಿತ್ರದಲ್ಲಿ ಬರಲಿ, ಐತಿಹ್ಯದಂತೆಯೇ ಬರಲಿ.

ಉತ್ತರ 4: ಸೆಟ್ ಕೆಲಸದವನು

ಕಲಾ ವಿಭಾಗದಲ್ಲಿ ಹದಿನಾರು ವರ್ಷದಿಂದ ಇರುವವನು ನಾನು. ಕನ್ನಡದ ಒಂದು ಐತಿಹಾಸಿಕ ಚಿತ್ರಕ್ಕೆ ಕೆಲಸ ಮಾಡಿದ್ದೆ, ಅದರ ಹೆಸರು ಇಲ್ಲಿ ಬೇಡ. ದುಡ್ಡು ಎಲ್ಲಿ ಹೋಗುತ್ತದೆ, ಯಾಕೆ ಹಾಗೆ ಕಾಣುತ್ತದೆ ಎಂಬುದನ್ನು ಮಾತ್ರ ಹೇಳುತ್ತೇನೆ.

ಅರಮನೆಯ ಕಂಬಗಳಿಗೆ ಅಚ್ಚು ಬೇಕಿತ್ತು. ಹೊಸದಾಗಿ ಮಣ್ಣಿನಲ್ಲಿ ತಿದ್ದಿ, ಅಚ್ಚು ತೆಗೆದು, ಪ್ಲಾಸ್ಟರ್ ಆಫ್ ಪ್ಯಾರಿಸ್ ಸುರಿಯಲು ಮೂರು ವಾರ ಬೇಕೆಂದು ಕೇಳಿದೆವು, ನಾಲ್ಕು ದಿನ ಸಿಕ್ಕಿತು. ಗೋದಾಮಿನಲ್ಲಿ ಹಳೆಯ ಪೌರಾಣಿಕ ಧಾರಾವಾಹಿಯೊಂದರ ಫೈಬರ್ ಅಚ್ಚುಗಳು ಬಿದ್ದಿದ್ದವು, ಬೇಲೂರಿನ ಮದನಿಕೆಯರ ಮಾದರಿಯವು. ಏಳನೆಯ ಶತಮಾನದ ಅರಮನೆಯಲ್ಲಿ ಹನ್ನೆರಡನೆಯ ಶತಮಾನದ ಹೊಯ್ಸಳ ಸುಂದರಿಯರನ್ನು ನಿಲ್ಲಿಸಿದೆವು. ಅಷ್ಟೇ ಅಲ್ಲ, ಬಾದಾಮಿಯದು ಕೆಂಪು ಮರಳುಗಲ್ಲು ಎಂದು ನೆನಪಾಗಿ ಅವುಗಳಿಗೆ ಇಟ್ಟಿಗೆಯ ಬಣ್ಣವನ್ನೂ ಹೊಡೆದೆವು. ಬಳಪದ ಕಲ್ಲಿನಲ್ಲಿ ಮಾತ್ರ ಬರುವ ಆ ನವುರಾದ ಕೆತ್ತನೆ ಮರಳುಗಲ್ಲಿನ ಬಣ್ಣದಲ್ಲಿ ಹೇಗೆ ಕಾಣುತ್ತಿತ್ತೆಂದರೆ, ಊರ ಜಾತ್ರೆಯ ಮಿಠಾಯಿ ಅಂಗಡಿಯಂತೆ. ಚಿತ್ರ ಬಂದಾಗ ಯಾರೂ ಅದನ್ನು ಹಿಡಿಯಲಿಲ್ಲ. ನಾಯಕನ ಗಡ್ಡ ನಕಲಿ ಎಂದು ಮಾತ್ರ ನಕ್ಕರು.

ಸಂತೆಯ ಬೀದಿಯ ದೃಶ್ಯದಲ್ಲಿ ಇನ್ನೊಂದು. ಬಣ್ಣ ಕಡಿಮೆಯಾಯಿತು ಎಂದು ಛಾಯಾಗ್ರಾಹಕರು ಗೊಣಗಿದಾಗ ಹುಡುಗರು ಹೋಗಿ ಎರಡು ಮೂಟೆ ಬ್ಯಾಡಗಿ ಮೆಣಸಿನಕಾಯಿ ತಂದು ರಾಶಿ ಸುರಿದರು, ಪಕ್ಕದಲ್ಲಿ ಮೆಕ್ಕೆಜೋಳದ ತೆನೆ ಕಟ್ಟಿ ತೂಗುಹಾಕಿದರು. ತೆರೆಯ ಮೇಲೆ ತುಂಬ ಚೆನ್ನಾಗಿ ಬಂತು. ಆ ಎರಡೂ ಬೆಳೆಗಳು ಪೋರ್ಚುಗೀಸರು ಬಂದ ಮೇಲೆ ಈ ನಾಡಿಗೆ ಬಂದವು ಎಂದು ನನಗೆ ಗೊತ್ತಾದದ್ದು ಆಮೇಲೆ, ನನ್ನ ಮಗಳ ಶಾಲೆಯ ಪುಸ್ತಕದಿಂದ.

ಉಡುಗೆಯ ಕಥೆ ಇದಕ್ಕಿಂತ ಕಷ್ಟದ್ದು. ಬಾದಾಮಿಯ ಗುಹೆಗಳಲ್ಲಿ ರಾಜರೂ ದೇವರೂ ಸೊಂಟಕ್ಕೆ ನೆರಿಗೆಯ ಬಟ್ಟೆ, ಮೈಮೇಲೆ ಹಾರ, ತೋಳಬಂದಿ, ತಲೆಗೆ ಕಿರೀಟ ಅಥವಾ ಎತ್ತಿ ಕಟ್ಟಿದ ಕೂದಲು, ಇಷ್ಟರಲ್ಲೇ ಇದ್ದಾರೆ. ನಾಯಕನನ್ನು ಹಾಗೆ ನಿಲ್ಲಿಸುತ್ತೇವೆಂದರೆ ನಿರ್ಮಾಪಕರು ಒಪ್ಪುವುದಿಲ್ಲ, ಫಸ್ಟ್ ಲುಕ್ ಪೋಸ್ಟರ್‌ನಲ್ಲಿ ‘ರಾಜ’ ಎಂದು ಅನಿಸಬೇಕಲ್ಲ. ಅದಕ್ಕೇ ರೆಕ್ಸಿನ್ ಮೇಲೆ ಫೋಮ್ ಅಂಟಿಸಿ, ಹೊಳೆಯುವ ಬಣ್ಣ ಹೊಡೆದು, ರೋಮನ್ ಸೈನಿಕನ ಎದೆಗವಚದಂಥದ್ದನ್ನು ಹೊಲಿಯುತ್ತೇವೆ. ಏಪ್ರಿಲ್ ಬಿಸಿಲಿನಲ್ಲಿ ಅದನ್ನು ಹಾಕಿಕೊಂಡ ಜೂನಿಯರ್ ಕಲಾವಿದರೊಬ್ಬರು ಕುದುರೆಯ ಪಕ್ಕದಲ್ಲೇ ಕುಸಿದು ಬಿದ್ದರು, ನೀರು ಹೊಡೆದು ಎಬ್ಬಿಸಬೇಕಾಯಿತು. ಈ ನಾಡಿನ ಸೆಕೆಯಲ್ಲಿ ಯುದ್ಧ ಮಾಡಿದವರು ಏನು ತೊಟ್ಟಿದ್ದರು ಎಂಬುದಕ್ಕೆ ಊರೂರ ವೀರಗಲ್ಲುಗಳೇ ಸಾಕ್ಷಿ ಹೇಳುತ್ತವೆ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋಗಿ ಬೇಗೂರಿನ ವೀರಗಲ್ಲನ್ನು ಹತ್ತು ನಿಮಿಷ ನೋಡಿದರೆ ಇಡೀ ಸ್ಟಂಟ್ ತಂಡಕ್ಕೆ ಆಗುವಷ್ಟು ವಿವರ ಇದೆ.

ಅಭಿಮಾನಿಗಳಿಗೆ ನನ್ನ ಕೋರಿಕೆ ಇಷ್ಟೇ. ‘ಇನ್ನೊಂದು ಚಿತ್ರಕ್ಕಿಂತ ಸೆಟ್ ದೊಡ್ಡದಾ ಚಿಕ್ಕದಾ’ ಎಂದು ಕೇಳುವುದನ್ನು ಬಿಟ್ಟು, ‘ಈ ಕಂಬ ಯಾವ ಕಾಲದ್ದು’ ಎಂದು ಕೇಳಲು ಶುರುಮಾಡಿ. ನೀವು ಕೇಳಿದರೆ ನಮಗೆ ನಾಲ್ಕು ದಿನದ ಬದಲು ಮೂರು ವಾರ ಸಿಗುತ್ತದೆ.

ಉತ್ತರ 5: ಬಾಗಲಕೋಟೆ ಜಿಲ್ಲೆಯ ಶಿಕ್ಷಕಿ

ಪ್ರಶ್ನೆ ಕೇಳಿದ ಸಹೋದರರಿಗೂ ಉತ್ತರಿಸಿದ ಹಿರಿಯರಿಗೂ ಶರಣು. ಎಲ್ಲಿ ಮುಗಿಯಬೇಕು ಎಂಬುದಕ್ಕಿಂತ ಮೊದಲು, ಪುಲಿಕೇಶಿ ಬಾಯಿ ತೆರೆದಾಗ ಯಾವ ಕನ್ನಡ ಬರುತ್ತದೆ ಎಂಬುದು ನನ್ನ ಚಿಂತೆ.

ಹಳೆಯ ಐತಿಹಾಸಿಕ ಚಿತ್ರಗಳ ಸಂಭಾಷಣೆ ವೃತ್ತಿ ರಂಗಭೂಮಿಯ ನಾಟಕಗಳಿಂದ ಬಂದದ್ದು. ಅದಕ್ಕೆ ಅದರದೇ ಲಯವಿತ್ತು, ಹೇಳುವ ನಟರಿಗೆ ಉಸಿರು ಎಲ್ಲಿ ನಿಲ್ಲಿಸಬೇಕೆಂದು ಗೊತ್ತಿತ್ತು, ಕೇಳುವ ನಮ್ಮ ಅಜ್ಜಿಯಂದಿರಿಗೆ ಆ ಮಾತು ಬಾಯಿಪಾಠವಾಗಿತ್ತು. ಈಗಿನ ಚಿತ್ರಗಳಲ್ಲಿ ದೊರೆ ಒಂದು ಸಾಲು ಸಂಸ್ಕೃತಮಯವಾಗಿ ಗರ್ಜಿಸುತ್ತಾನೆ, ಮುಂದಿನ ಸಾಲಿನಲ್ಲಿ ಬೆಂಗಳೂರಿನ ಕಾಲೇಜು ಹುಡುಗನಂತೆ ಮಾತಾಡುತ್ತಾನೆ. ಬಾದಾಮಿಯ ದೊರೆಗೆ ಬಾದಾಮಿಯ ಸುತ್ತಿನ ಮಾತಿನ ಒಂದು ಎಳೆಯೂ ಇರುವುದಿಲ್ಲ. ನಮ್ಮ ಕಡೆಯ ಮಾತು ಬಂದರೆ ಅದು ಸೇವಕನದೋ ಹಾಸ್ಯಗಾರನದೋ ಬಾಯಲ್ಲಿ ಮಾತ್ರ. ಇದು ನಮಗೆ ಚುಚ್ಚುತ್ತದೆ, ಹೇಳಿಕೊಳ್ಳುವುದಿಲ್ಲ ಅಷ್ಟೇ.

ಹಳಗನ್ನಡದಲ್ಲೇ ಮಾತಾಡಿಸಿ ಎಂದು ನಾನು ಹಟ ಹಿಡಿಯುವುದಿಲ್ಲ, ಯಾರಿಗೂ ಅರ್ಥವಾಗದು. ಆದರೆ ಆ ಕಾಲದ ಮಾತಿನ ಗತ್ತು ಎಂಥದ್ದೆಂದು ತಿಳಿಯಲು ಬಾದಾಮಿಯ ಕೆರೆಯ ಮೇಲಿನ ಬಂಡೆಯಲ್ಲಿರುವ, ಸುಮಾರು 700ರ ಕಾಲದ ಕಪ್ಪೆ ಅರಭಟ್ಟನ ಶಾಸನದ ತ್ರಿಪದಿಯೊಂದು ಸಾಕು: ‘ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ ಬಾಧಿಪ್ಪ ಕಲಿಗೆ ಕಲಿಯುಗವಿಪರೀತನ್ ಮಾಧವನೀತನ್ ಪೆರನಲ್ಲ’. ಒಳ್ಳೆಯವನಿಗೆ ಒಳ್ಳೆಯವನು, ಕಾಡುವವನಿಗೆ ಮಾತ್ರ ಕಲಿಗಾಲಕ್ಕೇ ಎದುರು ನಿಲ್ಲುವವನು. ನಾನು ಪ್ರತಿ ವರ್ಷ ಏಳನೆಯ ತರಗತಿಯ ಮಕ್ಕಳನ್ನು ಅಲ್ಲಿಗೆ ಕರೆದೊಯ್ದು ಇದನ್ನು ಗಟ್ಟಿಯಾಗಿ ಹೇಳಿಸುತ್ತೇನೆ. ಮೂರನೆಯ ಸಲಕ್ಕೆ ಅವರಿಗೆ ಅರ್ಥ ಹೇಳಬೇಕಾಗುವುದಿಲ್ಲ, ದನಿಯಲ್ಲೇ ಬಂದುಬಿಡುತ್ತದೆ. ಹಿಂದಿನ ವರ್ಷ ಒಬ್ಬ ಹುಡುಗ ಅದನ್ನು ಹೇಳಿ ಮುಗಿಸಿ, ‘ಟೀಚರ್, ಇದು ಯಾವ ಪಿಚ್ಚರಿನ ಡೈಲಾಗ್ರೀ?’ ಎಂದು ಕೇಳಿದ. ಎಂದರೆ ಇದು ಸಿನಿಮಾದಲ್ಲಿ ನಿಲ್ಲುತ್ತದೆ ಎಂದು ಆ ಮಗುವಿಗೆ ಗೊತ್ತಾಗಿದೆ, ಬರೆಯುವವರಿಗೆ ಗೊತ್ತಾಗಬೇಕು.

ಮೊದಲ ಉತ್ತರ ಕೊಟ್ಟ ತಮ್ಮನಿಗೆ ಒಂದು ಮಾತು. ಸೋಲನ್ನು ತೋರಿಸಿದರೆ ಗಲಾಟೆ ಆಗುತ್ತದೆ ಎಂಬ ಅಂಜಿಕೆ ಸುಳ್ಳಲ್ಲ. ‘ಛಾವಾ’ದ ಟ್ರೇಲರಿನಲ್ಲಿ ಸಂಭಾಜಿ ಲೇಜಿಮ್ ಹಿಡಿದು ಕುಣಿದದ್ದಕ್ಕೇ ಆಕ್ಷೇಪ ಎದ್ದು ಆ ಭಾಗವನ್ನು ನಿರ್ದೇಶಕರು ತೆಗೆಯಬೇಕಾಯಿತು. ರಾಜ ಕುಣಿಯಬಾರದು, ಅಳಬಾರದು, ತಪ್ಪು ಮಾಡಬಾರದು, ಸೋಲಬಾರದು ಎಂದು ನಾವೇ ಒಂದೊಂದನ್ನೂ ಕಿತ್ತುಕೊಂಡರೆ ನಟನಿಗೆ ಉಳಿಯುವುದು ನಿಧಾನಗತಿಯಲ್ಲಿ ನಡೆದು ಬರುವ ಕೆಲಸವೊಂದೇ. ನಮ್ಮ ಊರಿನವರು ಪುಲಿಕೇಶಿ ಸೋತನೆಂದು ತಲೆತಗ್ಗಿಸಿದ್ದನ್ನು ನಾನು ನೋಡಿಲ್ಲ. ಪಲ್ಲವರು ಊರಿಗೆ ಬಂದಿದ್ದರಂತೆ ಎಂಬುದನ್ನು ಹೊಳೆಗೆ ನೆರೆ ಬಂದದ್ದನ್ನು ಹೇಳುವಂತೆ ಹೇಳುತ್ತಾರೆ. ಬಂತು, ಹೋಯಿತು, ಊರು ಇದೆ.

ಶಾಸನದ ಹಿರಿಯರು ಹೇಳಿದ ಕಂಚಿಯ ಕಂಬ ಸೊಗಸು. ಆದರೆ ಕೊನೆಯ ಚೌಕಟ್ಟು ಕಂಚಿಯಲ್ಲೇ ಏಕೆ? ಆ ಗೆಲುವಿನ ನೆನಪಿಗೆಂದು ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ವಿರೂಪಾಕ್ಷ ದೇವಾಲಯ ಇಲ್ಲಿಯೇ ಇದೆಯಲ್ಲ. ಕಟ್ಟಿದ ಶಿಲ್ಪಿ ಗುಂಡನ ಹೆಸರನ್ನೂ ಅಲ್ಲಿ ಕನ್ನಡದಲ್ಲೇ ಬರೆಸಿದ್ದಾರೆ. ಕಂಚಿಯ ಕೈಲಾಸನಾಥವನ್ನು ನೋಡಿ ಬಂದವರು ಅದನ್ನು ನೋಡಿದರೆ ಎರಡೂ ಒಂದೇ ವಂಶದ ಗುಡಿಗಳೆಂದು ಕಣ್ಣಿಗೆ ಕಾಣುತ್ತದೆ. ಹೆಂಗಸರಿಗೂ ಈ ಚಿತ್ರಗಳಲ್ಲಿ ಆರತಿ ಹಿಡಿಯುವುದರ ಹೊರತು ಒಂದು ಕೆಲಸ ಸಿಕ್ಕಂತಾಗುತ್ತದೆ.

ದಾವಣಗೆರೆಯ ಪ್ರೇಕ್ಷಕ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಅಳಿಯನನ್ನು ಪಕ್ಕದಲ್ಲಿ ಕೂರಿಸಿಕೊಂಡು ಇದನ್ನೆಲ್ಲ ಓದಿದೆ. ಬೆನ್ನಿನ ಮೇಲೆ ‘ವಿಜಯ’ ಎಂದು ಬರೆದ ಮಾತು ಬಂದಾಗ ಅವನಿಗೆ ಸಿಟ್ಟೇ ಬಂತು, ‘ಇದನ್ನು ತೋರಿಸಲೇಬಾರದು’ ಎಂದು ಎದ್ದು ನೀರು ಕುಡಿಯಲು ಹೋದ. ತಿರುಗಿ ಬಂದವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮಾವ, ಆ ಸೋತ ಸೇನಾಪತಿಗೆ ಹೆಂಗಸರ ಬಟ್ಟೆ ಕೊಡುವ ದೃಶ್ಯ ಮೊದಲೇ ಬಂದಿರಬೇಕು, ಕೊಡುವವನು ಪುಲಿಕೇಶಿಯೇ ಆಗಿರಬೇಕು’ ಎಂದ. ನನಗೆ ಹೊಳೆಯದ ಉತ್ತರ ಅವನಿಗೇ ಹೊಳೆದಂತೆ ಕಂಡಿತು, ನಾನು ಏನೂ ಹೇಳಲಿಲ್ಲ. ಮೆಣಸಿನಕಾಯಿಯ ವಿಷಯ ಓದಿದ ಮೇಲೆ ಅವನು ಹಳೆಯ ಚಿತ್ರಗಳನ್ನೆಲ್ಲ ಮತ್ತೆ ಹಾಕಿಕೊಂಡು ಸಂತೆಯ ದೃಶ್ಯಗಳಲ್ಲಿ ನಿಲ್ಲಿಸಿ ನಿಲ್ಲಿಸಿ ನೋಡುತ್ತಿದ್ದಾನೆ. ಈವರೆಗೆ ಎರಡು ಕಡೆ ಟೊಮೆಟೊ ಸಿಕ್ಕಿದೆಯಂತೆ.

ಮೊದಲ ದಿನ ಮೊದಲ ಆಟ

ಅಕ್ಕಾವ್ರೇ, ಪಟ್ಟದಕಲ್ಲಿನಲ್ಲಿ ಮುಗಿಯುವುದಕ್ಕೆ ನನ್ನ ಒಪ್ಪಿಗೆ ಇದೆ, 642 ಕೂಡ ಮೊದಲ ಭಾಗದಲ್ಲೇ ಬರಲಿ. ಆದರೆ ಇಂಟರ್‌ವಲ್‌ಗೆ ನರ್ಮದೆ ಬೇಕೇ ಬೇಕು, ಆನೆಗಳು ಕುಡಿದಿರಬೇಕು, ಕಾಗದದ ಚೂರುಗಳನ್ನು ನಾನು ಈಗಿನಿಂದಲೇ ಕತ್ತರಿಸಿಡುತ್ತೇನೆ.